ಸಾದಲಿ ಅಕ್ಕನ ದಾರಿ ಕೇಸು, ನಮ್ಮ ಆಫೀಸಿನ ಸಾಫ್ಟ್‌ವೇರು

ವಕೀಲರ ಆಫೀಸಿನಲ್ಲಿ ಕೂತವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಅಳುತ್ತಾ ಬಂದ ಕಕ್ಷಿದಾರರೇ ಹೋಗುವಾಗ ಏನಾದರೊಂದು ನಗೆಯ ಸಾಮಾನು ಬಿಟ್ಟು ಹೋಗುತ್ತಾರೆ. ಅವರು ಬಿಡದ ದಿನ ನಮ್ಮ ಸೀನಿಯರ್ ಇದ್ದೇ ಇರುತ್ತಾರೆ.

ನಾನು ಚಿಂತಾಮಣಿಯಿಂದ ದಿನಾ ಬಸ್ಸು ಹತ್ತಿ ಶಿಡ್ಲಘಟ್ಟದ ಕೋರ್ಟಿಗೆ ಹೋಗುವ ವಕೀಲೆ. ನಮ್ಮ ಆಫೀಸು ಜೆರಾಕ್ಸ್ ಅಂಗಡಿಯ ಮಹಡಿ ಮೇಲಿದೆ. ಅಲ್ಲಿ ಸೀನಿಯರ್, ನಾನು, ನಮ್ಮ ಗುಮಾಸ್ತರು, ಇಷ್ಟೇ ಜನ. ಹೋದ ವರ್ಷ ನಮ್ಮ ಜೊತೆಗೆ ಒಂದು ಸಾಫ್ಟ್‌ವೇರೂ ಬಂದು ಸೇರಿಕೊಂಡಿತು. ಅದು ಬಂದ ಮೇಲೆ ನಡೆದದ್ದರಲ್ಲಿ ನೆನಪಿರುವಷ್ಟನ್ನು ಹೇಳುತ್ತೇನೆ.

ಕಂಪ್ಯೂಟರಿಗೆ ಕುಂಕುಮ

ಚಿಕ್ಕಬಳ್ಳಾಪುರದ ಒಂದು ಹೋಟೆಲಿನಲ್ಲಿ ವಕೀಲರನ್ನೆಲ್ಲ ಕೂರಿಸಿ ಆ ಸಾಫ್ಟ್‌ವೇರನ್ನು ತೋರಿಸಿದ್ದರು. ಕೇಸಿನ ಕಾಗದ, ಫೋಟೋ, ವಿಡಿಯೋ ಎಲ್ಲವನ್ನೂ ಅದು ಒಂದೇ ಕಡೆ ಜೋಡಿಸಿಡುತ್ತದಂತೆ. ಆಫೀಸಿನಲ್ಲಿ ನಾವು ಆಡಿದ ಮಾತನ್ನು ಕೇಳಿಸಿಕೊಂಡು ಸಾರಾಂಶ ಬರೆಯುತ್ತದಂತೆ. ಮುಂದಿನ ವಾಯಿದೆ ಯಾವತ್ತು, ಬರುವಾಗ ಏನು ತರಬೇಕು ಅಂತ ಕಕ್ಷಿದಾರರ ಮೊಬೈಲಿಗೆ ತಾನೇ ಮೆಸೇಜು ಕಳಿಸುತ್ತದಂತೆ. ಇದೆಲ್ಲ ಹೇಳುವಾಗ ನಮ್ಮ ಸೀನಿಯರ್ ಸಣ್ಣ ನಿದ್ದೆಯಲ್ಲಿದ್ದರು. ಊಟದ ಹೊತ್ತಿಗೆ ಎದ್ದು ಹೋಳಿಗೆ ಬಡಿಸಿಕೊಂಡು, "ಹೋಳಿಗೆ ಮೆತ್ತಗಿದೆ, ಜನ ಒಳ್ಳೆಯವರೇ ಇರಬೇಕು, ತಗೊಂಡ್ಬಿಡಣ" ಅಂದರು.

ಅದನ್ನು ಶುರು ಮಾಡುವುದಕ್ಕೆ ಶುಕ್ರವಾರವೇ ಆಗಬೇಕೆಂದರು. ಗುಮಾಸ್ತರು ಹೂವು, ನಿಂಬೆಹಣ್ಣು ತಂದರು. ನಿಂಬೆಹಣ್ಣನ್ನು ಎಲ್ಲಿಡಬೇಕೆಂದು ಸ್ವಲ್ಪ ಚರ್ಚೆಯಾಯಿತು, ಲ್ಯಾಪ್‌ಟಾಪಿಗೆ ಚಕ್ರವಿಲ್ಲವಲ್ಲ. ಕೊನೆಗೆ ಸೀನಿಯರ್ ಕೈಯಾರೆ ಪರದೆಯ ಮೇಲ್ಗಡೆ ಸರಿಯಾಗಿ ನಡುಮಧ್ಯಕ್ಕೆ ಗಂಧ ಹಚ್ಚಿ ಅದರ ಮೇಲೆ ದಪ್ಪಗೆ ಕುಂಕುಮ ಇಟ್ಟರು. ಗುಮಾಸ್ತರು ಮಂಗಳಾರತಿ ಎತ್ತಿದರು, ನಾನು ಗಂಟೆ ಹೊಡೆದೆ.

ಆ ಸಾಫ್ಟ್‌ವೇರಿಗೆ ಮುಖ ತೋರಿಸಿದರೆ ಮಾತ್ರ ಬಾಗಿಲು ತೆಗೆಯುತ್ತಿತ್ತು. ಸೀನಿಯರ್ ಕೋಟು ಹಾಕಿಕೊಂಡು ತೋರಿಸಿದರು, ತೆಗೆಯಲಿಲ್ಲ. ಕನ್ನಡಕ ತೆಗೆದು ತೋರಿಸಿದರು, ಆಗಲೂ ಇಲ್ಲ. ಕಂಪನಿಗೆ ಫೋನು ಮಾಡಿದೆವು. ಆ ಕಡೆಯ ಹುಡುಗಿ ತಾಳ್ಮೆಯಿಂದ ಎಲ್ಲಾ ಕೇಳಿ, "ಸರ್, ಸ್ಕ್ರೀನ್ ಮೇಲ್ಗಡೆ ಕ್ಯಾಮೆರಾ ಇರುತ್ತೆ, ಅದಕ್ಕೇನಾದ್ರೂ ಅಡ್ಡ ಇದೆಯಾ?" ಅಂದಳು.

"ಕುಂಕುಮ ಇದೆ" ಅಂದರು ಸೀನಿಯರ್.

"ಅದನ್ನ ಒರೆಸಿಬಿಡಿ ಸರ್."

"ಏನಮ್ಮಾ ನೀನು, ಶುಕ್ರವಾರ ಕುಂಕುಮ ಒರೆಸು ಅಂತೀಯಲ್ಲ, ಹೇಳಿಕೊಡೋರು ಯಾರೂ ಇಲ್ವಾ ನಿಮ್ಮನೇಲಿ?"

ಆ ಹುಡುಗಿ, "ಹಾಗಾದ್ರೆ ಶನಿವಾರದಿಂದ ಶುರು ಮಾಡಿ ಸರ್" ಅಂದಳು. ಶನಿವಾರ ಯಾರು ಹೊಸ ಕೆಲಸ ಶುರು ಮಾಡುತ್ತಾರೆ? ಸೋಮವಾರ ಒರೆಸಿದೆವು. ಅವತ್ತಿನಿಂದ ಗುಮಾಸ್ತರು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಚಾರ್ಜರ್ ಜೊತೆಗೆ ಒಂದು ಕುಂಕುಮದ ಭರಣಿಯನ್ನೂ ಇಟ್ಟುಕೊಂಡು, ಪ್ರತಿ ಶುಕ್ರವಾರ ಲ್ಯಾಪ್‌ಟಾಪಿನ ಬೆನ್ನಿಗೆ ಕುಂಕುಮ ಇಡುತ್ತಾರೆ. ಈಗ ಅದಕ್ಕೆ ಮುಖವೂ ಕಾಣುತ್ತದೆ, ದೇವರ ಭಯವೂ ಇದೆ.

ಅಜ್ಜಿನಾ, ಅತ್ತೆನಾ?

ಅದರಲ್ಲಿ ಹಾಕಿದ ಮೊದಲ ಕೇಸು ಸಾದಲಿಯ ಒಬ್ಬ ಅಕ್ಕನದು. ರೇಷ್ಮೆ ಹುಳು ಸಾಕುವವರು, ಮಾತು ಜೋರು, ಮನಸ್ಸು ಮೃದು. ಅವರ ತಾಯಿ ಬದುಕಿದ್ದಾಗಲೇ ಜಮೀನನ್ನು ಎರಡು ಭಾಗ ಮಾಡಿ, ರಸ್ತೆ ಪಕ್ಕದ್ದನ್ನು ಮಗನಿಗೂ ಹಿಂದಿನದನ್ನು ಮಗಳಿಗೂ ಕೊಟ್ಟಿದ್ದರು. ಅಕ್ಕ ಆ ಹಿಂದಿನ ಭಾಗದಲ್ಲಿ ಹೊಸದಾಗಿ ಹುಳು ಮನೆ ಕಟ್ಟಿಸಿದರು. ಅದಕ್ಕೆ ಹೋಗುವ ದಾರಿ ತಮ್ಮನ ಹೊಲದ ಅಂಚಿನಲ್ಲಿ. ಹುಳು ಮನೆ ಪೂಜೆಯಾದ ವಾರದಲ್ಲೇ ತಮ್ಮ ಆ ದಾರಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದುಬಿಟ್ಟ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

"ಹುಳ ನಾಲ್ಕನೇ ಜ್ವರ ಎದ್ದ ಮೇಲೆ, ಅಂದ್ರೆ ಕಡೇ ಸಲ ಪೊರೆ ಬಿಟ್ಮೇಲೆ, ಸೊಪ್ಪು ಹೊತ್ತೊತ್ತಿಗೆ ಬೀಳ್ಬೇಕು ಕಣಮ್ಮ. ಕೆರೆ ಏರಿ ಸುತ್ಕೊಂಡು ಹೊರೆ ಹೊತ್ಕೊಂಡು ಹೋಗೋ ಹೊತ್ಗೆ ಸೊಪ್ಪು ಬಾಡ್ತದೆ, ನಾನೂ ಬಾಡ್ತೀನಿ. ನಂಗೆ ಇನ್ನೇನೂ ಬೇಡ, ಆ ದಾರಿ ಒಂದು ಬಿಡಿಸ್ಕೊಡು" ಅಂದರು ಅಕ್ಕ. ಈ ಕೇಸು ಗೆಲ್ಲಲೇಬೇಕು ಅಂದುಕೊಂಡೆ.

ವಾಟ್ಸಾಪ್ ಇರುವ ನಂಬರ್ ಬೇಕೆಂದು ಸಾಫ್ಟ್‌ವೇರ್ ಕೇಳಿತು. ಅಕ್ಕನದು ಗುಂಡಿ ಒತ್ತುವ ಫೋನು. ಅವರ ಯಜಮಾನರು ಪಕ್ಕದಲ್ಲೇ ಕೂತಿದ್ದರು, ಅವರು ಫೋನನ್ನೇ ಮುಟ್ಟುವುದಿಲ್ಲವಂತೆ. ಅಕ್ಕ ಕಣ್ಣುಮುಚ್ಚಿ ಒಂದು ನಂಬರನ್ನು ಬಾಯಿಪಾಠವಾಗಿ ಹೇಳಿದರು. "ಯಾರದಕ್ಕಾ ಇದು?" ಅಂದೆ. "ನಮ್ಮೋರದೇ ಕಣಮ್ಮ, ಬಂದಿದ್ದನ್ನ ಓದಿ ಹೇಳ್ತಾನೆ" ಅಂದರು. ಗೌರಿಬಿದನೂರಿಗೆ ಕೊಟ್ಟ ಮಗಳೊಬ್ಬಳಿದ್ದಾಳೆ ಅಂತ ಹೇಳಿದ್ದರು, ಅವಳ ಗಂಡನದಿರಬೇಕೆಂದುಕೊಂಡು ಹಾಕಿದೆ.

ಆಮೇಲೆ ಅದು ವಂಶವೃಕ್ಷ ಕೇಳಿತು. ತಾಯಿ, ಅಜ್ಜಿ ಎಲ್ಲ ಹಾಕಿದೆ. ಗಂಡನ ಕಡೆಯದು ಹಾಕಲು ಹೋದರೆ ಪರದೆಯೆಲ್ಲ ಕೆಂಪಾಯಿತು. ಯಾಕೆಂದರೆ ಅಕ್ಕ ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನು. ಅವರ ತಾಯಿಯ ತಾಯಿಯೇ ಅವರಿಗೆ ಅತ್ತೆ. ನಮ್ಮ ಕಡೆ ಇದೇನು ಹೊಸದಲ್ಲ, ಆದರೆ ಸಾಫ್ಟ್‌ವೇರ್ ಬರೆದವರಿಗೆ ಯಾರೂ ಹೇಳಿರಲಿಲ್ಲ. ಒಬ್ಬರು ಎರಡು ಕಡೆ ಇರುವ ಹಾಗಿಲ್ಲ ಅಂತ ಅದು ಹಟ ಹಿಡಿಯಿತು.

ಮತ್ತೆ ಅದೇ ಹುಡುಗಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. "ಮೇಡಂ, ಯಾವುದಾದ್ರೂ ಒಂದು ಸಂಬಂಧ ಇಟ್ಕೊಂಡು ಇನ್ನೊಂದನ್ನ ತೆಗೆದುಹಾಕಿ" ಅಂದಳು.

ಅಕ್ಕನ ಕಡೆ ನೋಡಿದೆ. "ಅಜ್ಜಿ ಅಂತ ಇಟ್ಕೊಳ್ಳಲಾ, ಅತ್ತೆ ಅಂತ ಇಟ್ಕೊಳ್ಳಲಾ?"

ಅಕ್ಕ ಗಂಡನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಹೇಳಿದರು: "ಅತ್ತೇನ ತೆಗೆದುಬಿಡಮ್ಮ. ಅಜ್ಜಿ ಬಲು ಒಳ್ಳೇವಳು."

ದಾರಿಗೆ ಅಡ್ಡ ನಿಂತವರು

ಸ್ಥಳದ ಫೋಟೋ ಬೇಕಾಯಿತು. ಅಲ್ಲೇ ನಿಂತು ತೆಗೆದು ಸಾಫ್ಟ್‌ವೇರಿಗೆ ಹಾಕಿದರೆ ಜಾಗ, ಹೊತ್ತು ಎಲ್ಲವನ್ನೂ ಅದೇ ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಯಾರೂ ಸುಳ್ಳು ಅನ್ನುವ ಹಾಗಿಲ್ಲ. ನಾನು, ಗುಮಾಸ್ತರು ಬಸ್ಸಿನಲ್ಲಿ ಸಾದಲಿಗೆ ಹೋದೆವು. ಬರುವ ದಿನವನ್ನು ಅಕ್ಕನಿಗೆ ಮೆಸೇಜಿನಲ್ಲಿ ತಿಳಿಸಿದ್ದೆವು.

ನಾವು ಹೋದಾಗ ಅಕ್ಕನ ತಮ್ಮ, ಬೇಲಿಯ ಹತ್ತಿರ ನಿಂತು ಆ ಕಡೆ ಕಟ್ಟಿದ್ದ ಅಕ್ಕನ ಹಸುವಿಗೆ ಗಟ್ಟಿಯಾಗಿ ಏನೋ ಹೇಳುತ್ತಿದ್ದ. ಗಡ್ಡ ಕೆರೆದು, ಬಿಳಿ ಷರ್ಟು ಹಾಕಿ ರೆಡಿಯಾಗಿದ್ದ. "ಬನ್ನಿ ಲಾಯರಮ್ಮ, ಹನ್ನೊಂದು ಗಂಟೆ ಬಸ್ಸಿಗೇ ಬರ್ತೀರ ಅಂದ್ಕೊಂಡಿದ್ದೆ" ಅಂದ. ನಮ್ಮ ಎದುರುಪಾರ್ಟಿ ನಮ್ಮ ಬಸ್ಸಿನ ಲೆಕ್ಕ ಇಟ್ಟಿದ್ದಾನಲ್ಲ ಅಂತ ಗುಮಾಸ್ತರು ನನ್ನ ಮುಖ ನೋಡಿದರು. ಅವನ ಹೆಂಡತಿ ಕಾಫಿ ತಂದು ಕೊಟ್ಟಳು. ಊರಿಗೆ ಬಂದವರಿಗೆ ಕಾಫಿ ಕೊಡುವುದಕ್ಕೂ ಕೇಸಿಗೂ ಸಂಬಂಧವಿಲ್ಲವಂತೆ.

ಫೋನು ತೆಗೆದು ಬೇಲಿಯ ಕಡೆ ಹಿಡಿದದ್ದೇ ತಡ, ಎಲ್ಲಿದ್ದರೋ ಜನ, ಬಂದು ಸಾಲಾಗಿ ನಿಂತುಬಿಟ್ಟರು. ಗಂಡಸರು ತಲೆ ಸರಿಮಾಡಿಕೊಂಡರು, ಹೆಂಗಸರು ಸೆರಗು ಹೊದ್ದರು. "ಬೇಲಿ ಮಾತ್ರ ಬೇಕು, ಸ್ವಲ್ಪ ಸರೀರಪ್ಪ" ಅಂದೆ. ಒತ್ತಾಗಿ ನಿಲ್ಲಬೇಕೆಂದು ತಿಳಿದು ಇನ್ನೂ ಒತ್ತಾದರು. "ಅಷ್ಟು ದೂರದಿಂದ ಬಂದು ಬರೀ ಬೇಲಿ ತಗೊಂಡ್ ಹೋಗ್ತೀಯೇನಮ್ಮ" ಅಂತ ಅಕ್ಕನೇ ಬಂದು ಒಂದು ತುದಿಗೆ ನಿಂತರು. ಹಲ್ಲು ಕಚ್ಚಿಕೊಂಡು ಹಾಗೇ ತೆಗೆದೆ. ಅದರ ಹಿಂದೆಯೇ ಫೋನಿನ ಚಾರ್ಜು ಮುಗಿದು, ಊರಲ್ಲಿ ಕರೆಂಟೂ ಇಲ್ಲದ್ದರಿಂದ ಬೇರೆ ತೆಗೆಯುವುದಕ್ಕೂ ಆಗಲಿಲ್ಲ.

ಮಾರನೇ ದಿನ ಸೀನಿಯರ್ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಬೇಲಿಯ ಒಂದು ಎಳೆ ತಂತಿಯೂ ಕಾಣಲಿಲ್ಲ. ಸಾಲಿನ ನಡುಮಧ್ಯೆ ಕೈಕಟ್ಟಿ ನಗುತ್ತಾ ನಿಂತಿದ್ದವನು ತಮ್ಮನೇ. ಸೀನಿಯರ್ ಕನ್ನಡಕ ಕೆಳಗಿಟ್ಟು ಕೇಳಿದರು: "ಈಗ ಕೋರ್ಟಿಗೆ ಏನಂತ ಹೇಳಲಮ್ಮ? ದಾರಿಗೆ ಅಡ್ಡ ಇರೋದು ಬೇಲಿನಾ, ಇಡೀ ಊರಾ?"

ಯಂತ್ರಕ್ಕೆ ಬಾರದ ಭಾಷೆ

ಕೇಸು ಮುಂದೆ ಹೋದಂತೆಲ್ಲ ಒಂದು ವಿಚಿತ್ರ ಗಮನಕ್ಕೆ ಬಂತು. ನಾವು ಯಾವ ಸಾಕ್ಷಿ ತರುತ್ತೇವೆಂಬುದು ಎದುರುಪಾರ್ಟಿ ವಕೀಲರಿಗೆ ಮೊದಲೇ ಗೊತ್ತಿರುತ್ತಿತ್ತು. ಸರ್ವೆ ನಕ್ಷೆ ತರುತ್ತೇವೆಂದರೆ ಅವರು ಅದಕ್ಕೆ ತಕರಾರು ಬರೆದುಕೊಂಡೇ ಬಂದಿರುತ್ತಿದ್ದರು. ಪಕ್ಕದ ಹೊಲದ ಮುದುಕರನ್ನು ಸಾಕ್ಷಿ ಹಾಕುತ್ತೇವೆಂದರೆ ಅವರಿಗೆ ಕೇಳುವ ಪ್ರಶ್ನೆಗಳು ತಯಾರಾಗಿರುತ್ತಿದ್ದವು. ಹೀಗೇ ಆದರೆ ಅಕ್ಕನಿಗೆ ದಾರಿ ಸಿಕ್ಕ ಹಾಗೇ ಅಂತ ನನಗೆ ಭಯವಾಯಿತು. ಅಷ್ಟರಲ್ಲಿ ಮತ್ತೊಂದು ಬೆಳೆ ಹುಳು ಮೇಯಿಸುವ ಕಾಲವೂ ಬರುತ್ತಿತ್ತು.

ಸೀನಿಯರ್‌ಗೆ ಅನುಮಾನ ಬಂದದ್ದು ಲ್ಯಾಪ್‌ಟಾಪಿನ ಮೇಲೆ. "ಆ ವಕೀಲರ ಆಫೀಸಲ್ಲೂ ಇದೇ ಇದೆಯಂತೆ. ಇವೆರಡೂ ಒಳಗೊಳಗೇ ಮಾತಾಡ್ಕೊಳ್ತಾ ಇವೆ" ಅಂದರು. ಪಾಸ್‌ವರ್ಡ್ ಬದಲಾಯಿಸಿದರು. ಅಕ್ಕನ ಕೇಸಿನ ಮಾತು ಬಂದಾಗ ಅದರ ಮೇಲೆ ಟವೆಲ್ ಹೊದಿಸಿದರು. ಆಗಲೂ ಗುಟ್ಟು ಸೋರುವುದು ನಿಲ್ಲಲಿಲ್ಲ.

ಒಂದು ದಿನ ಸೀನಿಯರ್ ಕಣ್ಣರಳಿಸಿಕೊಂಡು ಬಂದು ನಮ್ಮಿಬ್ಬರನ್ನೂ ಹತ್ತಿರ ಕರೆದು ತೆಲುಗಿನಲ್ಲಿ ಮಾತು ಶುರು ಮಾಡಿದರು. "ದೀನಿ ಮುಂದು ಕನ್ನಡಂಲೋ ಏಮೀ ಮಾಟ್ಲಾಡೊದ್ದು." ಇದರ ಮುಂದೆ ಕನ್ನಡದಲ್ಲಿ ಏನೂ ಆಡಬೇಡಿ ಅಂತ ಅಪ್ಪಣೆ. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ? ಮಧ್ಯಾಹ್ನದವರೆಗೂ ಮೂವರೂ ತೆಲುಗಿನಲ್ಲೇ ಕೇಸನ್ನು ಚರ್ಚೆ ಮಾಡಿದೆವು. ನಡುವೆ ಸೀನಿಯರ್ ಆ ಯಂತ್ರವನ್ನೂ ಅದನ್ನು ಮಾರಿದವರನ್ನೂ ತೆಲುಗಿನಲ್ಲೇ ಬೈದರು. ಬೈಗುಳಕ್ಕೆ ಆ ಭಾಷೆ ಅವರಿಗೆ ಹೆಚ್ಚು ಒಗ್ಗುತ್ತದೆ. ಎಷ್ಟೋ ದಿನದ ಮೇಲೆ ಮುಖದಲ್ಲಿ ನೆಮ್ಮದಿ ಕಂಡಿತು.

ಊಟ ಮುಗಿಸಿ ಬಂದು ನಾನು ಟವೆಲ್ ತೆಗೆದೆ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡದಲ್ಲಿ ಅವತ್ತಿನ ಚರ್ಚೆ ಬಂದು ಕೂತಿತ್ತು. ಕೊನೆಯಲ್ಲಿ ಬರೆದಿತ್ತು: "ಸಾರಾಂಶ: ವಕೀಲರಿಗೆ ಈ ಸಾಫ್ಟ್‌ವೇರ್ ಮೇಲೆ ನಂಬಿಕೆಯಿಲ್ಲ. ಪ್ರತಿಯನ್ನು ಕಕ್ಷಿದಾರರಿಗೆ ಕಳುಹಿಸಲಾಗಿದೆ."

ಹಸು ಹೇಳಿದ್ದು

ಅಸಲಿ ಸರ್ವೆ ನಕ್ಷೆಯನ್ನು ಕೋರ್ಟಿಗೆ ತೋರಿಸುವ ದಿನ ಬಂತು. ಅವತ್ತು ಅದು ಇಲ್ಲದಿದ್ದರೆ ಕೇಸು ಅಲ್ಲಿಗೇ ಬಿದ್ದ ಹಾಗೆ, ಇನ್ನು ಅವಕಾಶವಿಲ್ಲ ಅಂತ ಜಡ್ಜ್ ಮೇಡಂ ಮೊದಲೇ ಹೇಳಿದ್ದರು. ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ ನಿಂತಿದ್ದರು. ಹಿಂದಿನ ಬೆಂಚಿನಲ್ಲಿ ಅಕ್ಕನ ಯಜಮಾನರು, ತಮ್ಮನ ಹೆಂಡತಿ ಅಕ್ಕಪಕ್ಕ ಕೂತಿದ್ದರು.

"ಅಸಲಿ ನಕ್ಷೆ ಎಲ್ಲಿ?" ಅಂದರು ಮೇಡಂ. ಅಕ್ಕ ಕಪ್ಪು ಬ್ಯಾಗು ತೆಗೆದು ಹುಡುಕಿದರು. ಎಲೆಅಡಿಕೆ ಬಂತು, ಬಾಳೆಹಣ್ಣು ಬಂತು, ನಕ್ಷೆ ಬರಲಿಲ್ಲ. ಅಕ್ಕ ಬ್ಯಾಗನ್ನೇ ತಲೆಕೆಳಗು ಮಾಡಿ ಕೊಡವಿದರು. ಸೀನಿಯರ್ ಬೆವರು ಒರೆಸಿಕೊಂಡರು. ನನಗೆ ಆ ಕೆರೆ ಏರಿಯೂ ಸೊಪ್ಪಿನ ಹೊರೆಯೂ ಕಣ್ಣ ಮುಂದೆ ಬಂದವು.

ಆಗ ತಮ್ಮ ಯಾರನ್ನೂ ನೋಡದೆ, ತಿರುಗುವ ಫ್ಯಾನಿಗೆ ಹೇಳಿದ: "ಕಪ್ಪು ಬ್ಯಾಗಲ್ಲಲ್ಲ, ಹಸಿರು ಚೀಲದಲ್ಲಿದೆ. ಭಾವನ ಕೈಲಿದೆ ನೋಡಿ."

ಯಜಮಾನರ ಹಸಿರು ಚೀಲದಲ್ಲಿ ನಕ್ಷೆ ಸಿಕ್ಕಿತು. ಮೇಡಂ ಅದನ್ನು ತೆಗೆದುಕೊಳ್ಳದೆ ತಮ್ಮನನ್ನೇ ನೋಡಿದರು. "ಅದು ಎಲ್ಲಿದೆ ಅಂತ ನಿಮಗೆ ಹೇಗೆ ಗೊತ್ತು?"

"ನಕ್ಷೆ ತರಬೇಕು ಅಂತ ನನಗೇ ಮೆಸೇಜು ಬಂದಿತ್ತಲ್ಲ ಅಮ್ಮಾವ್ರೇ. ಮರೀತಾಳೆ ಅಂತ ಗೊತ್ತಿತ್ತು. ಭಾವ ಚೀಲಕ್ಕೆ ಹಾಕ್ಕೊಳ್ಳೋವರ್ಗೂ ಬೇಲಿ ಹತ್ರ ನಿಂತಿದ್ದು ನೋಡಿದೀನಿ" ಅಂತ ಅವನು ಫೋನು ಮುಂದೆ ಹಿಡಿದ.

ಮೇಡಂ ಮೇಲಿಂದ ಕೆಳಗೆ ಓದಿದರು. ನಮ್ಮ ಕೇಸು ಹುಟ್ಟಿದಾಗಿನಿಂದ ಕಳಿಸಿದ ಪ್ರತಿಯೊಂದು ಮೆಸೇಜೂ ಅದರಲ್ಲಿತ್ತು. ಅಕ್ಕ ಬಾಯಿಪಾಠ ಹೇಳಿದ್ದು ಅಳಿಯನ ನಂಬರಲ್ಲ, ತಮ್ಮನದು. ಸೀನಿಯರ್ ನನ್ನ ಕಡೆ ತಿರುಗಿದರು. ನಾನು ಫ್ಯಾನಿನ ಕಡೆ ತಿರುಗಿದೆ.

"ಯಾಕಮ್ಮಾ, ಯಾರ ಮೇಲೆ ಕೇಸು ಹಾಕಿದ್ದೀರೋ ಅವರ ನಂಬರೇ ಕೊಟ್ಟಿದ್ದೀರಲ್ಲ" ಅಂದರು ಮೇಡಂ.

"ಇನ್ಯಾರದು ಕೊಡ್ಲಿ ಅಮ್ಮಾವ್ರೇ? ನಂಗೆ ಬರೋದು ಅದೊಂದೇ ನಂಬರು. ಕೇಸು ಹಾಕಿದ್ದು ಬೇಲಿ ಮೇಲೆ, ಅವನು ತಮ್ಮನೇ ಅಲ್ವಾ?"

"ನೀವು ಈ ಮೆಸೇಜುಗಳನ್ನ ಏನು ಮಾಡ್ತಿದ್ರಿ?" ಅಂತ ತಮ್ಮನನ್ನು ಕೇಳಿದರು.

"ನಮ್ಮ ಲಾಯರಿಗೂ ಹೇಳ್ತಿದ್ದೆ, ಇವಳಿಗೂ ತಿಳಿಸ್ತಿದ್ದೆ. ಇಬ್ರಿಗೂ ಸಮ. ವಾಯಿದೆ ತಪ್ಪಿಸ್ಕೊಂಡು ಸೋತ್ಳು ಅಂತ ಊರಲ್ಲಿ ನಾಲ್ಕು ಜನ ಅನ್ಬಾರ್ದು. ಸೋತ್ರೆ ಸರಿಯಾಗಿ ಸೋಲ್ಲಿ."

ಅವನ ವಕೀಲರು ತಲೆಯ ಮೇಲೆ ಕೈಯಿಟ್ಟುಕೊಂಡರು.

"ಅಂದ್ರೆ ನೀವಿಬ್ಬರೂ ಮಾತಾಡ್ತೀರಿ" ಅಂದರು ಮೇಡಂ.

"ಇಲ್ಲ" ಅಂದರು ಇಬ್ಬರೂ ಒಟ್ಟಿಗೆ, ಅವಮಾನವಾದವರ ಹಾಗೆ. ಅಕ್ಕ ವಿವರಿಸಿದರು: "ಬೇಲಿ ಹಾಕಿದ ಮೇಲೆ ಇವನ ಹತ್ರ ಒಂದ್ ಮಾತಾಡಿಲ್ಲ. ಇವನು ಬಂದು ನಮ್ಮ ಹಸೂಗೆ ಹೇಳ್ತಾನೆ. 'ಲೇ ಗೌರಿ, ಮಂಗಳವಾರ ವಾಯಿದೆ ಅಂತೆ, ನಿಮ್ಮ ಯಜಮಾನಿಗೆ ಹೇಳು' ಅಂತ. ನಾನು ಅಲ್ಲೇ ಸಗಣಿ ಬಾಚ್ತಿರ್ತೀನಿ. ಕಿವಿಗೆ ಬೀಳ್ತದೆ, ಅದಕ್ಕೆ ನಾನೇನು ಮಾಡ್ಲಿ?"

ಅವನು ಅವತ್ತು ಬೇಲಿಯ ಹತ್ತಿರ ಹಸುವಿಗೆ ಹೇಳುತ್ತಿದ್ದದ್ದು ನಿಜವಾಗಿ ಯಾರಿಗೆಂದು ನನಗೆ ಈಗ ಹೊಳೆಯಿತು. ಮೇಡಂ ಕಡತವನ್ನು ಮುಖಕ್ಕೆ ಅಡ್ಡ ಹಿಡಿದು ಕೊಂಚ ಹೊತ್ತು ಏನನ್ನೋ ಬಹಳ ಗಮನವಿಟ್ಟು ಓದಿದರು. ಆಮೇಲೆ ಕೇಳಿದರು, "ಸರಿನಪ್ಪ, ಆ ಬೇಲಿ ಯಾಕೆ ಹಾಕಿದ್ರಿ?"

ತಮ್ಮನ ದನಿ ಸಣ್ಣದಾಯಿತು. "ಹುಳು ಮನೆ ಪೂಜೆಗೆ ಊರೋರನ್ನೆಲ್ಲ ಮನೆಮನೆಗೆ ಹೋಗಿ ಕರೆದ್ಳು. ನನ್ನ ಮಾತ್ರ ಫೋನಲ್ಲಿ ಕರೆದ್ಳು. ಒಂದೇ ಹೊಲದ ದೂರ. ನನ್ನ ಹೆಂಡತಿ ಬಾಗಿಲಿಗೆ ನೀರು ಹಾಕಿ ಕಾಯ್ತಿದ್ಲು, ಇವಳು ಬಂದು ಕುಂಕುಮ ಇಟ್ಟು ಕರೀಲಿಲ್ಲ."

"ಒಂದೇ ಹೊಲದ ದೂರ ಅಂತಾನೇ ಫೋನ್ ಮಾಡಿದ್ದು ಅಮ್ಮಾವ್ರೇ" ಅಂದರು ಅಕ್ಕ. "ದೂರದೋರನ್ನ ಕರೀಬೇಕು. ತಮ್ಮನ್ನ ಕರೀಬೇಕಾ?" ಹಾಗಂದವರೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಗ ನಮ್ಮ ಗುಮಾಸ್ತರು ಸದ್ದಿಲ್ಲದೆ ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ಪು ಎಳೆದು ಕುಂಕುಮದ ಭರಣಿಯನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಮೇಡಂ ಕಡೆ ನೋಡಿದರು. ಮೇಡಂ ತಲೆಯಾಡಿಸಿದರು. ಅಕ್ಕ ಹಿಂದಿನ ಬೆಂಚಿಗೆ ಹೋಗಿ ತಮ್ಮನ ಹೆಂಡತಿಯ ಹಣೆಗೆ ಕುಂಕುಮ ಇಟ್ಟು, "ಹುಳು ಮನೆ ಪೂಜೆಗೆ ಇಬ್ರೂ ಬರ್ಬೇಕಮ್ಮ" ಅಂದರು. ಪೂಜೆ ಮುಗಿದು ಎಷ್ಟೋ ಬೆಳೆ ಆಗಿಹೋಗಿತ್ತು. ಅವಳು ಮಾತ್ರ "ಬರ್ತೀವಿ ಅಕ್ಕ" ಅಂತ ಕಾಲು ಮುಟ್ಟಿದಳು. ಸೀನಿಯರ್ ಕನ್ನಡಕ ತೆಗೆದು ಒರೆಸಿಕೊಂಡರು, ನನಗೂ ಕಣ್ಣು ಮಂಜಾಯಿತು. ಅಷ್ಟೆಲ್ಲ ಮಾಡಬಲ್ಲ ಸಾಫ್ಟ್‌ವೇರಿನಿಂದ ಆ ಕೇಸಿಗೆ ನಿಜವಾಗಿ ಒದಗಿದ್ದು ಅದರ ಕುಂಕುಮವೇ.

ರಾಜಿಯಾಯಿತು. ಮುಳ್ಳುತಂತಿ ಬಿಚ್ಚಿ, ದನ ನುಗ್ಗದ ಹಾಗೆ ಒಂದು ಗೇಟು ಇಡುವುದು, ಅದಕ್ಕೆ ಬೀಗ ಹಾಕಬಾರದು ಅಂತ ಬರೆದರು. ತಮ್ಮ ಒಂದು ಮಾತೂ ಆಡದೆ ಸಹಿ ಹಾಕಿದ.

ವರಾಂಡಕ್ಕೆ ಬಂದ ತಕ್ಷಣ ಸೀನಿಯರ್ ನನ್ನ ಮೇಲೆ ಹರಿಹಾಯ್ದರು. "ಮೊದಲು ಆ ನಂಬರ್ ಬದಲಾಯಿಸು. ಈಗಲೇ." ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ನಂಬರ್ ಬದಲಾಯಿಸಬೇಕಾದರೆ ಹಳೆಯ ನಂಬರಿಗೆ ಬರುವ ಓಟಿಪಿ ಹೇಳಿ ಅಂತ ಅದು ಕೇಳಿತು. ತಮ್ಮನ ಜೇಬಿನಲ್ಲಿ ಫೋನು ಕಿಣಿಕಿಣಿ ಅಂದಿತು.

ಅವನು ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಎರಡು ಅಂಕಿ ಓದಿ ನಿಲ್ಲಿಸಿಬಿಟ್ಟ. "ಇದನ್ನ ಹೇಳ್ಬಿಟ್ರೆ ನನಗೆ ಮೆಸೇಜು ಬರಲ್ಲ ಅಲ್ವಾ ಲಾಯರಮ್ಮ? ಮುಂದೆ ಏನಾದ್ರೂ ಇದ್ರೆ ಇವಳಿಗೆ ಯಾರು ಹೇಳ್ತಾರೆ?"

ಅಕ್ಕ ಹಸಿರು ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನ ಎದುರಿಗೆ ಬಂದು ನಿಂತರು. ಬೇಲಿ ಹಾಕಿದ ಮೇಲೆ ಮೊದಲನೇ ಸಲ ಅವನ ಮುಖ ನೋಡಿ ಮಾತಾಡಿದರು.

"ಆ ನಂಬರು ಹಾಗೇ ಇರ್ಲಿ. ಇನ್ಮೇಲೆ ಏನಿದ್ರೂ ನಂಗೇ ನೇರ ಬಂದು ಹೇಳು ಕಣೋ. ಕೋರ್ಟಿನ ವಿಷಯ ಕೇಳಿ ಕೇಳಿ ಗೌರಿ ಹಾಲು ಕಮ್ಮಿ ಮಾಡ್ಬಿಟ್ಟವಳೆ."